‘ಗ್ರೂಪಿಗೆ ಹಾಕಿ’ ಎನ್ನುವ ಮುನ್ನ: ರಾಜ್ಯದ ಮುಖ್ಯ ಕಾರ್ಯದರ್ಶಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಇವತ್ತು ತಾಲ್ಲೂಕು ಮಟ್ಟದ ಯಾವ ಕಚೇರಿಗೆ ಹೋದರೂ ಟಪ್ಪಾಲಿಗಿಂತ ಮೊದಲು ವಾಟ್ಸಾಪ್ ಬಂದಿರುತ್ತದೆ. ಸಭೆಯ ನೋಟಿಸು, ಕಾಮಗಾರಿಯ ಜಿಪಿಎಸ್ ಫೋಟೊ, ಹಾಜರಾತಿ ಎಲ್ಲವೂ ಗ್ರೂಪಿನಲ್ಲೇ. ಅದಕ್ಕೆ ನಮ್ಮ ತಕರಾರಿಲ್ಲ. ಅದೇ ಗ್ರೂಪಿಗೆ ಫಲಾನುಭವಿಗಳ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಗರ್ಭಿಣಿಯರ ಹೆಸರು-ಹಿಮೋಗ್ಲೋಬಿನ್ ಪಟ್ಟಿ, ಬಾಲ್ಯವಿವಾಹ ತಡೆದ ಮನೆಯ ಹುಡುಗಿಯ ಫೋಟೊ ಕೂಡ ಬೀಳುತ್ತಿವೆ. ತಕರಾರು ಇರುವುದು ಇದಕ್ಕೆ. ಇದು ಸರಿಯೇ ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ‘ವಾಟ್ಸಾಪು ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಅಲ್ವೇನ್ರೀ, ಕಂಪನಿಯವರಿಗೇ ಓದೋಕಾಗಲ್ಲ.’

ಮಾತು ನಿಜ. ಆದರೆ ಸರ್ಕಾರಿ ಗ್ರೂಪಿನ ಮಾಹಿತಿ ಸೋರುವ ಜಾಗಗಳಲ್ಲಿ ಕಂಪನಿಯವರು ಸಂದೇಶ ಓದುವುದು ಒಂದಲ್ಲ. ಆ ಜಾಗಗಳು ಯಾವುವು, ಅವನ್ನು ಎಷ್ಟರಮಟ್ಟಿಗೆ ಮುಚ್ಚಬಹುದು ಎಂದು ತಿಳಿಸಿ, ನಿಮ್ಮ ಕಚೇರಿಯಿಂದ ಒಂದು ಸುತ್ತೋಲೆ ಕೇಳುವುದಕ್ಕಾಗಿ ಈ ಪತ್ರ.

ಮೊದಲು ಈ ‘ಎಂಡ್ ಟು ಎಂಡ್’ ಬೀಗದ ಬಗ್ಗೆ, ಅಂದರೆ ಕಳಿಸಿದವರ ಮತ್ತು ಪಡೆದವರ ಸಾಧನದಲ್ಲಿ ಮಾತ್ರ ಸಂದೇಶ ಓದಲು ಬರುವ ವ್ಯವಸ್ಥೆಯ ಬಗ್ಗೆ. ವಾಟ್ಸಾಪ್ 2016ರ ಏಪ್ರಿಲ್‌ನಿಂದ ಎಲ್ಲ ಸಂದೇಶ, ಕರೆ, ಫೋಟೊಗಳಿಗೆ ಸಿಗ್ನಲ್ ಪ್ರೊಟೊಕಾಲ್ ಎಂಬ ಗೂಢಲಿಪಿ ವಿಧಾನ ಬಳಸುತ್ತಿದೆ. ಕೀಲಿ ಹುಟ್ಟುವುದು ಬಳಕೆದಾರರ ಫೋನಿನಲ್ಲಿ. ಖಾಸಗಿ ಕೀಲಿ ಅಲ್ಲಿಂದ ಹೊರಗೆ ಹೋಗುವುದಿಲ್ಲ. ಪ್ರತಿ ಸಂದೇಶಕ್ಕೂ ಹೊಸ ಕೀಲಿ ಬರುವುದರಿಂದ ಒಂದು ಕೈಗೆ ಸಿಕ್ಕರೂ ಹಿಂದಿನ ಸಂದೇಶಗಳು ತೆರೆದುಕೊಳ್ಳುವುದಿಲ್ಲ. ಸರ್ವರ್‌ಗೆ ತಲುಪುವುದು ಅರ್ಥವಾಗದ ಅಂಕಿಗಳ ರಾಶಿ. ಪಡೆಯುವವರ ಫೋನ್ ಆಫ್ ಆಗಿದ್ದರೆ ಆ ರಾಶಿ 30 ದಿನ ಅಲ್ಲಿ ಕಾದು ಅಳಿಸಿಹೋಗುತ್ತದೆ. ಈ ಪ್ರೊಟೊಕಾಲನ್ನು ಜಗತ್ತಿನ ಗೂಢಲಿಪಿ ತಜ್ಞರು ವರ್ಷಗಳಿಂದ ಜಾಲಾಡಿದ್ದಾರೆ. ಗಣಿತದ ಮಟ್ಟದಲ್ಲಿ ಅದು ಗಟ್ಟಿಯಾಗಿದೆ. ದಾರಿಯಲ್ಲಿ ಕದ್ದು ಓದುವವರ ಭಯ ಬೇಡ.

ಸೋರುವುದು ತುದಿಗಳಲ್ಲಿ. ‘ಎಂಡ್ ಟು ಎಂಡ್’ ಎಂದಾಗ ಕಣ್ಣಮುಂದೆ ಬರುವುದು ಇಬ್ಬರು, ಎರಡು ಫೋನು. ಗ್ರೂಪಿನಲ್ಲಿ ಎಷ್ಟು ಸದಸ್ಯರೋ ಅಷ್ಟು ತುದಿ. ಈಗ ಒಂದು ಗ್ರೂಪಿಗೆ 1,024 ಜನರನ್ನು ಸೇರಿಸಬಹುದು. ಪ್ರತಿಯೊಬ್ಬರೂ ಫೋನಿನ ಜತೆಗೆ ನಾಲ್ಕು ಸಾಧನಗಳವರೆಗೆ ಜೋಡಿಸಿಕೊಳ್ಳಬಹುದು. ತುಂಬಿದ ಗ್ರೂಪಿಗೆ ಹಾಕಿದ ಒಂದು ಆಧಾರ್ ಪ್ರತಿ ಹೆಚ್ಚೆಂದರೆ 5,120 ಕಡೆ ಬೀಗ ತೆರೆದ ಸ್ಥಿತಿಯಲ್ಲಿ ಬಂದು ಕೂರುತ್ತದೆ ಎಂದಾಯಿತು. ಮೊಹರು ಹಾಕಿದ ಲಕೋಟೆಯನ್ನು ಭದ್ರವಾಗಿ ತಂದು, ಊರಿನ ಪ್ರತಿ ಮನೆಯಲ್ಲೂ ಒಂದೊಂದು ನಕಲು ಬಿಚ್ಚಿಟ್ಟ ಹಾಗೆ.

ಆ ಫೋಟೊ ಒಂದು ಫೋನಿಗೆ ಬಂದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಮೊದಲಿನಿಂದಲೇ ಆನ್ ಆಗಿರುತ್ತದೆ. ಇಳಿದ ಚಿತ್ರ ‘ವಾಟ್ಸಾಪ್ ಇಮೇಜಸ್’ ಫೋಲ್ಡರ್ ಸೇರಿ ಗ್ಯಾಲರಿಯಲ್ಲಿ ಮನೆಯವರ ಮದುವೆ ಫೋಟೊಗಳ ನಡುವೆ ಕಾಣಿಸಿಕೊಳ್ಳುತ್ತದೆ. ಗ್ಯಾಲರಿ ನೋಡಲು ಅನುಮತಿ ಪಡೆದ ಬೇರೆ ಆ್ಯಪ್‌ಗಳಿಗೂ ಅದು ಸಿಗುತ್ತದೆ. ಗೂಗಲ್ ಫೋಟೋಸ್ ‘ಈ ಫೋಲ್ಡರನ್ನೂ ಬ್ಯಾಕಪ್ ಮಾಡಲೇ?’ ಎಂದು ಕೇಳಿದಾಗ ಒಮ್ಮೆ ಹೂಂ ಅಂದಿದ್ದರೆ, ಚಿತ್ರ ಆ ನೌಕರರ ಖಾಸಗಿ ಜಿಮೇಲ್ ಖಾತೆಯನ್ನೂ ಸೇರಿತು. ಮನೆಯಲ್ಲಿ ಅದೇ ಖಾತೆಗೆ ಜೋಡಿಸಿದ ಟ್ಯಾಬ್ ಇದ್ದರೆ ಅಲ್ಲೂ ಕಾಣುತ್ತದೆ. ಕಳಿಸಿದವರಿಗೆ ಆಮೇಲೆ ತಪ್ಪಿನ ಅರಿವಾಗಿ ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿದರೆ ಗ್ರೂಪಿನಿಂದ ಮಾಯವಾಗಬಹುದು. ಅದಕ್ಕೂ ಸುಮಾರು ಎರಡೂವರೆ ದಿನದ ಗಡುವಿದೆ. ಗೂಗಲ್ ಫೋಟೋಸ್‌ಗೆ ಹೋದ ಪ್ರತಿ ಮಾತ್ರ ಅಲ್ಲೇ ಇರುತ್ತದೆ. ಒಮ್ಮೆ ಮಾತ್ರ ತೆರೆದುಕೊಳ್ಳುವ ‘ವ್ಯೂ ಒನ್ಸ್’ ಹಾಕಿದ್ದೆವಲ್ಲ ಎನ್ನುವವರಿದ್ದಾರೆ. ಪಕ್ಕದ ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವುದನ್ನು ಯಾವ ಆ್ಯಪ್ ತಡೆಯುತ್ತದೆ?

ಚಿತ್ರಗಳದ್ದು ಹೀಗಾದರೆ, ಪಠ್ಯ ಸಂದೇಶಗಳ ಸೋರಿಕೆಗೆ ಮುಖ್ಯ ದಾರಿ ಚಾಟ್ ಬ್ಯಾಕಪ್. ಗೂಗಲ್ ಖಾತೆಗೋ ಐಕ್ಲೌಡ್‌ಗೋ ಹೋಗುವ ಬ್ಯಾಕಪ್ ತನ್ನಷ್ಟಕ್ಕೆ ಎಂಡ್ ಟು ಎಂಡ್ ಬೀಗದಡಿ ಬರುವುದಿಲ್ಲ. 2021ರ ಅಕ್ಟೋಬರ್‌ನಿಂದ ಅದಕ್ಕೆ ಬೇರೆ ಬೀಗದ ಸೌಲಭ್ಯವಿದೆ, ಆದರೆ ಬಳಕೆದಾರರೇ ಹೋಗಿ ಆನ್ ಮಾಡಬೇಕು: ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್, ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್. ಪಾಸ್‌ವರ್ಡ್ ಇಡಬಹುದು ಅಥವಾ 64 ಅಂಕಿ-ಅಕ್ಷರಗಳ ಕೀಲಿ ಪಡೆಯಬಹುದು. ಎರಡನ್ನೂ ಕಳೆದುಕೊಂಡರೆ ಕಂಪನಿಯೂ ಬ್ಯಾಕಪ್ ತೆರೆದುಕೊಡಲಾರದು. ಆದ್ದರಿಂದ ಕೀಲಿಯನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ, ಸ್ಕ್ರೀನ್‌ಶಾಟ್ ತೆಗೆದು ಅದೇ ಫೋನಿನಲ್ಲಿ ಇಡಬೇಡಿ. ಇನ್ನೊಂದು ಮಾತು: ಗ್ರೂಪಿನ 200 ಜನರಲ್ಲಿ 199 ಮಂದಿ ಇದನ್ನು ಮಾಡಿ ಒಬ್ಬರು ಬಿಟ್ಟರೂ ಇಡೀ ಗ್ರೂಪಿನ ಮಾತುಕತೆ ಆ ಒಬ್ಬರ ಬ್ಯಾಕಪ್‌ನಲ್ಲಿ ಬೀಗವಿಲ್ಲದೆ ಕೂತಿರುತ್ತದೆ. 2020ರಲ್ಲಿ ಮುಂಬೈ ಚಿತ್ರರಂಗದ ಮಾದಕವಸ್ತು ತನಿಖೆಯಲ್ಲಿ ವರ್ಷಗಳ ಹಿಂದಿನ ಚಾಟ್‌ಗಳು ಟಿವಿ ಪರದೆಯ ಮೇಲೆ ಬಂದಾಗ ವಾಟ್ಸಾಪ್ ಬೀಗ ಮುರಿದಿದೆ ಎಂದೇ ಎಷ್ಟೋ ಜನ ಅಂದುಕೊಂಡರು. ವಶಪಡಿಸಿಕೊಂಡ ಫೋನಿನ ಪ್ರತಿಯೋ ಬ್ಯಾಕಪ್ಪೋ ಕೈಯಲ್ಲಿದ್ದರೆ ಬೀಗ ಮುರಿಯುವ ಅಗತ್ಯವೇ ಬರುವುದಿಲ್ಲ.

ಸರ್ಕಾರಿ ಕಚೇರಿಗಳಲ್ಲಿ ನಮಗೆ ಅತಿ ಹೆಚ್ಚು ಆತಂಕ ಹುಟ್ಟಿಸುವುದು ಮೂರನೆಯದು: ವಾಟ್ಸಾಪ್ ವೆಬ್. ಸಾಹೇಬರ ಫೋನಿಗೆ ಬಂದ ಪಿಡಿಎಫ್ ಪ್ರಿಂಟ್ ತೆಗೆಯಬೇಕು. ಕಂಪ್ಯೂಟರ್ ಆಪರೇಟರ್ ಕ್ಯೂಆರ್ ಕೋಡ್ ತೆರೆಯುತ್ತಾರೆ, ಸಾಹೇಬರು ಸ್ಕ್ಯಾನ್ ಮಾಡುತ್ತಾರೆ, ಪ್ರಿಂಟ್ ಆಗುತ್ತದೆ, ಲಾಗೌಟ್ ಆಗುವುದಿಲ್ಲ. ಮುಖ್ಯ ಫೋನನ್ನು 14 ದಿನ ಬಳಸದಿದ್ದರೆ ಮಾತ್ರ ಜೋಡಿಸಿದ ಸಾಧನಗಳು ತಾವಾಗಿ ಕಳಚಿಕೊಳ್ಳುತ್ತವೆ. ಸಾಹೇಬರು ಫೋನನ್ನು ದಿನವೂ ಬಳಸುವುದರಿಂದ ಆ ಸಂಪರ್ಕ ತಿಂಗಳುಗಟ್ಟಲೆ ಜೀವಂತ. ಆ ಕಂಪ್ಯೂಟರಿನ ಮುಂದೆ ಕೂತವರು ಯಾರೇ ಇರಲಿ, ಜಿಲ್ಲೆಯ ಎಲ್ಲ ಗ್ರೂಪುಗಳನ್ನೂ ಓದಬಹುದು, ಸಾಹೇಬರ ಹೆಸರಿನಲ್ಲಿ ಸಂದೇಶವನ್ನೂ ಕಳಿಸಬಹುದು. ಲಾಗೌಟ್ ಮಾಡಿದರೂ ‘ಡೌನ್‌ಲೋಡ್ಸ್’ ಫೋಲ್ಡರಿನಲ್ಲಿ ಇಳಿದ ಕಡತಗಳು ಹಾಗೆಯೇ ಉಳಿದಿರುತ್ತವೆ; ಅದನ್ನು ಖಾಲಿ ಮಾಡುವ ಪದ್ಧತಿ ಯಾವ ಕಚೇರಿಯಲ್ಲಿದೆಯೋ ತಿಳಿಯದು.

ಇದೇ ಸೌಲಭ್ಯ ವಂಚಕರಿಗೂ ಹಿಡಿಸಿದೆ. 2025ರ ಡಿಸೆಂಬರ್‌ನಲ್ಲಿ ‘ಘೋಸ್ಟ್‌ಪೇರಿಂಗ್’ ಎಂಬ ತಂತ್ರದ ಬಗ್ಗೆ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್ ಎಚ್ಚರಿಕೆ ಹೊರಡಿಸಿತು. ಪರಿಚಿತರ ಖಾತೆಯಿಂದಲೇ ‘ಈ ಫೋಟೊ ನೋಡಿ’ ಎಂದು ಲಿಂಕ್ ಬರುತ್ತದೆ. ಒತ್ತಿದರೆ ನಂಬುವಂಥ ಪುಟ ತೆರೆದು ಮೊಬೈಲ್ ಸಂಖ್ಯೆ ಕೇಳುತ್ತದೆ. ಆ ಸಂಖ್ಯೆಯನ್ನು ವಂಚಕರು ತಮ್ಮ ಬ್ರೌಸರಿನಲ್ಲಿ ಹಾಕಿ ‘ಫೋನ್ ನಂಬರ್ ಮೂಲಕ ಲಿಂಕ್ ಮಾಡಿ’ ಎನ್ನುತ್ತಾರೆ. ವಾಟ್ಸಾಪ್ ಎಂಟು ಅಕ್ಷರಗಳ ಕೋಡ್ ಕೊಡುತ್ತದೆ. ಅದನ್ನು ನಿಮ್ಮ ಮುಂದಿನ ಪುಟದಲ್ಲಿ ತೋರಿಸಿ, ವಾಟ್ಸಾಪಿನಲ್ಲಿ ಟೈಪ್ ಮಾಡಲು ಹೇಳುತ್ತಾರೆ. ಮಾಡಿದಿರೋ, ಅವರ ಬ್ರೌಸರ್ ನಿಮ್ಮ ಖಾತೆಗೆ ಜೋಡಿಸಿದ ಇನ್ನೊಂದು ಸಾಧನ. ಒಟಿಪಿ ಕದ್ದಿಲ್ಲ, ಸಿಮ್ ಕದ್ದಿಲ್ಲ, ನಿಮ್ಮ ಫೋನ್ ಎಂದಿನಂತೆ ಕೆಲಸ ಮಾಡುತ್ತಿದೆ. ಎಂಡ್ ಟು ಎಂಡ್ ಬೀಗವೂ ತನ್ನ ಕೆಲಸ ಮಾಡುತ್ತಿದೆ: ಪ್ರತಿ ಸಂದೇಶವನ್ನೂ ವಂಚಕರ ಬ್ರೌಸರಿಗೆ ಭದ್ರವಾಗಿ ತಲುಪಿಸುತ್ತಿದೆ. ಇದಕ್ಕೆ ಮದ್ದು ಸುಲಭ. ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನ ‘ಲಿಂಕ್ಡ್ ಡಿವೈಸಸ್’ ತೆರೆದು, ಗುರುತಿಲ್ಲದ ಸಾಲನ್ನು ಒತ್ತಿ ಲಾಗೌಟ್ ಮಾಡುವುದು. ಇದಕ್ಕೆ ಅರ್ಧ ನಿಮಿಷ ಸಾಕು. ವೆಬ್ ಸಂಪರ್ಕವನ್ನು ಆರು ಗಂಟೆಗೊಮ್ಮೆಯಾದರೂ ಕಳಚಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ಆ್ಯಪ್ ಕಂಪನಿಗಳಿಗೆ ನಿರ್ದೇಶನ ಕೊಟ್ಟಿದ್ದು ಇಂಥ ಕಾರಣಗಳಿಗೇ. ಆದರೆ ಇಡೀ ಗ್ರೂಪಿನ ಇತಿಹಾಸ ಇಳಿಸಿಕೊಳ್ಳಲು ಆರು ಗಂಟೆ ಧಾರಾಳ ಸಮಯ ಎಂಬುದನ್ನು ಮರೆಯಬಾರದು.

ಇಲ್ಲಿಯವರೆಗೆ ಹೇಳಿದ್ದು ಸಂದೇಶದ ಒಡಲಿನ ಮಾತು. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಐಪಿ ವಿಳಾಸದಿಂದ, ಯಾವ ಗ್ರೂಪಿನಲ್ಲಿ ಎಂಬ ವಿವರ ಬೀಗದ ಹೊರಗಿದೆ. ಗ್ರೂಪಿನ ಹೆಸರೂ ಹೊರಗೇ ಇದೆ. ಆದ್ದರಿಂದ ‘ಎಚ್‌ಐವಿ ಚಿಕಿತ್ಸೆ, ಇಂಥ ತಾಲ್ಲೂಕು’ ಎಂದು ಗ್ರೂಪಿಗೆ ಹೆಸರಿಟ್ಟು ರೋಗಿಗಳನ್ನು ಸೇರಿಸಿದರೆ ಒಂದೂ ಸಂದೇಶ ಓದದೆ ಎಲ್ಲವೂ ಗೊತ್ತಾಗುತ್ತದೆ. ಸಾಲದ್ದಕ್ಕೆ ಪ್ರತಿ ರೋಗಿಗೂ ಉಳಿದವರ ಮೊಬೈಲ್ ಸಂಖ್ಯೆ ಕಾಣುತ್ತದೆ. ಈ ವಿವರಗಳ ಬೆಲೆ ತನಿಖಾ ಸಂಸ್ಥೆಗಳಿಗೆ ಚೆನ್ನಾಗಿ ಗೊತ್ತು. ನ್ಯಾಯಾಲಯದ ಆದೇಶವಿದ್ದರೆ ವಾಟ್ಸಾಪ್‌ನಿಂದ 15 ನಿಮಿಷಕ್ಕೊಮ್ಮೆ ಇಂಥ ವಿವರ ಸಿಗುತ್ತದೆ ಎಂದು ಅಮೆರಿಕದ ಎಫ್‌ಬಿಐನ 2021ರ ಒಂದು ದಾಖಲೆಯಲ್ಲಿದೆ. ಮೇಲೆ ಹೇಳಿದ ಪ್ರೊಟೊಕಾಲ್ ರೂಪಿಸಿದವರದ್ದೇ ಆದ ಸಿಗ್ನಲ್ ಆ್ಯಪ್ ಈ ವಿಷಯದಲ್ಲಿ ಬೇರೆ ದಾರಿ ಹಿಡಿದಿದೆ. 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದು ಮಾಹಿತಿ ಕೇಳಿದಾಗ, ಖಾತೆ ತೆರೆದ ಸಮಯ ಮತ್ತು ಕೊನೆಯ ಬಾರಿ ಸಂಪರ್ಕಕ್ಕೆ ಬಂದ ದಿನ ಎರಡನ್ನು ಬಿಟ್ಟು ಕೊಡಲು ಅದರ ಬಳಿ ಬೇರೇನೂ ಇರಲಿಲ್ಲ. ಇಟ್ಟುಕೊಂಡಿದ್ದೇ ಅಷ್ಟು.

ಬೀಗದ ಹೊರಗಿರುವ ಇನ್ನೂ ಕೆಲವನ್ನು ಬೇಗ ಹೇಳಿಬಿಡುತ್ತೇವೆ. ಗ್ರೂಪಿನ ಯಾರಾದರೂ ‘ರಿಪೋರ್ಟ್’ ಒತ್ತಿದರೆ ಇತ್ತೀಚಿನ ಐದು ಸಂದೇಶಗಳು ಕಂಪನಿಗೆ ಹೋಗುತ್ತವೆ. ಮೆಟಾ ಎಐಯನ್ನು ಕೇಳಿದ ಪ್ರಶ್ನೆಗಳು ನೇರ ಕಂಪನಿಗೇ ಹೋಗುತ್ತವೆ. ಬಿಸಿನೆಸ್ ಖಾತೆಗೆ ಕಳಿಸಿದ ಸಂದೇಶವನ್ನು ಆ ಸಂಸ್ಥೆ ನೇಮಿಸಿದ ಮೂರನೆಯವರು ನೋಡುವ ಏರ್ಪಾಡಿರಬಹುದು. ಇನ್ನು 2025ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ‘ಈ ಸಂಖ್ಯೆ ವಾಟ್ಸಾಪಿನಲ್ಲಿದೆಯೇ’ ಎಂದು ಗಂಟೆಗೆ 10 ಕೋಟಿಗೂ ಹೆಚ್ಚು ಸಂಖ್ಯೆಗಳನ್ನು ಪರೀಕ್ಷಿಸುತ್ತ 350 ಕೋಟಿ ಖಾತೆಗಳನ್ನು ಪತ್ತೆಹಚ್ಚಿದರು. ಅಧಿಕಾರಿಯ ಪ್ರೊಫೈಲ್ ಫೋಟೊ ‘ಎವ್ರಿಒನ್’ಗೆ ತೆರೆದಿದ್ದರೆ ಅದನ್ನು ಇಳಿಸಿಕೊಂಡು ಡಿಸಿ ಹೆಸರಿನ ನಕಲಿ ಖಾತೆ ಮಾಡುವುದು ಮಕ್ಕಳಾಟ.

ಫೋನಿಗೇ ಕನ್ನ ಬಿದ್ದರೆ ಯಾವ ಆ್ಯಪಿನ ಬೀಗವೂ ಉಪಯೋಗಕ್ಕಿಲ್ಲ. 2019ರಲ್ಲಿ ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಎಂಬ ಬೇಹು ತಂತ್ರಾಂಶ, ವಾಟ್ಸಾಪ್ ಕರೆಯ ದೋಷವನ್ನು ಬಳಸಿ ಸುಮಾರು 1,400 ಫೋನ್‌ಗಳನ್ನು ಗುರಿಮಾಡಿತು. ಕರೆ ಎತ್ತಬೇಕಾಗಿಯೂ ಇರಲಿಲ್ಲ. ಭಾರತದ ಪತ್ರಕರ್ತರು, ಹೋರಾಟಗಾರರು ಅದರಲ್ಲಿದ್ದರು. 2019ರಲ್ಲಿ ನಮ್ಮ ರಾಜ್ಯದ ಮೈತ್ರಿ ಸರ್ಕಾರ ಉರುಳುವ ಹೊತ್ತಿಗೆ ಆಗಿನ ಉಪಮುಖ್ಯಮಂತ್ರಿಯ ಮತ್ತು ಮುಖ್ಯಮಂತ್ರಿಯ ಆಪ್ತ ಕಾರ್ಯದರ್ಶಿಯ ಸಂಖ್ಯೆಗಳು ಪೆಗಾಸಸ್‌ನ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿದ್ದವೆಂದು 2021ರ ಜುಲೈಯಲ್ಲಿ ವರದಿಯಾಯಿತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಕನ್ನ ಬಿದ್ದಿತ್ತು ಎಂದಾಗುವುದಿಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ಸಮಿತಿ, ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ, ತನ್ನ ಮುಂದೆ ಬಂದ 29 ಫೋನ್‌ಗಳನ್ನು ಪರೀಕ್ಷಿಸಿ ಐದರಲ್ಲಿ ಕುತಂತ್ರಾಂಶ ಕಂಡಿತು. ಅದು ಪೆಗಾಸಸ್ಸೇ ಎನ್ನಲು ನಿರ್ಣಾಯಕ ಸಾಕ್ಷ್ಯ ಸಿಗಲಿಲ್ಲ. ಎಲ್ಲ ಪಿಡಿಒಗಳ ಫೋನಿಗೂ ಪೆಗಾಸಸ್ ಬರುತ್ತದೆ ಎಂದು ಹೆದರಿಸುವುದು ನಮ್ಮ ಉದ್ದೇಶವಲ್ಲ, ಅದು ದುಬಾರಿ ಆಯುಧ. ಕಾರ್ಯದರ್ಶಿ ಮಟ್ಟದವರು ಐಫೋನ್ ಬಳಸುತ್ತಿದ್ದರೆ ಇಂಥ ದಾಳಿಯ ದಾರಿಗಳನ್ನು ಕಡಿಮೆ ಮಾಡುವ ‘ಲಾಕ್‌ಡೌನ್ ಮೋಡ್’ ಹಾಕಿಕೊಳ್ಳಲಿ. ಉಳಿದವರಿಗೆ ಅದಕ್ಕಿಂತ ಹತ್ತಿರದ ಅಪಾಯವೆಂದರೆ ಸುರಕ್ಷತಾ ಅಪ್‌ಡೇಟ್ ನಿಂತುಹೋದ ಹಳೆಯ ಫೋನು, ಮತ್ತು ‘ಆರ್‌ಟಿಒ ಚಲನ್’ ಎಂದೋ ‘ಮದುವೆ ಆಮಂತ್ರಣ’ ಎಂದೋ ಗ್ರೂಪಿಗೆ ಬಂದು ಬೀಳುವ, ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಎಪಿಕೆ ಕಡತ.

ಹಾಗಿದ್ದರೆ ಆ್ಯಪ್ ಬದಲಿಸಿದರಾಯಿತಲ್ಲ ಎಂಬ ಸಲಹೆ ಬಂದೇ ಬರುತ್ತದೆ. ಟೆಲಿಗ್ರಾಮ್‌ಗಂತೂ ಬೇಡ, ಅಲ್ಲಿ ಸಂದೇಶಗಳಿಗೆ ಎಂಡ್ ಟು ಎಂಡ್ ಬೀಗ ಇರುವುದು ಇಬ್ಬರ ನಡುವಿನ ‘ಸೀಕ್ರೆಟ್ ಚಾಟ್’ಗೆ ಮಾತ್ರ, ಗ್ರೂಪುಗಳಿಗೆ ಇಲ್ಲವೇ ಇಲ್ಲ. ಜೊಹೊ ಕಂಪನಿಯ ಅರಟ್ಟೈ ಆ್ಯಪ್ 2025ರ ಸೆಪ್ಟೆಂಬರ್‌ನಲ್ಲಿ ಮನೆಮಾತಾದಾಗ ಅದರ ಸಂದೇಶಗಳಿಗೆ ಆ ಬೀಗ ಬಂದಿರಲಿಲ್ಲ. ದೇಶಿ ಎನ್ನುವುದೂ ಸುರಕ್ಷಿತ ಎನ್ನುವುದೂ ಬೇರೆ ಬೇರೆ ಪ್ರಶ್ನೆಗಳು. ಎನ್‌ಐಸಿಯ ‘ಸಂದೇಶ್’ ಎಂಬ ಸರ್ಕಾರಿ ಆ್ಯಪ್ ಬಳಸಿದರೆ ಯಾರು ಯಾರಿಗೆ ಎಂಬ ವಿವರ ಸರ್ಕಾರದ ಸರ್ವರಿನಲ್ಲೇ ಉಳಿಯುತ್ತದೆ, ಅಷ್ಟು ಲಾಭ. ಗ್ಯಾಲರಿ, ಸ್ಕ್ರೀನ್‌ಶಾಟ್‌ಗಳ ಕಥೆ ಎಲ್ಲ ಕಡೆ ಅದೇ. ಬೀಗದ ಮಟ್ಟಿಗೆ ಸಿಗ್ನಲ್ ಎಲ್ಲಕ್ಕಿಂತ ಮೇಲು. ಆದರೂ 2025ರ ಮಾರ್ಚ್‌ನಲ್ಲಿ ಅಮೆರಿಕದ ಹಿರಿಯ ಅಧಿಕಾರಿಗಳು ಯೆಮನ್ ಮೇಲಿನ ದಾಳಿಯ ವಿವರ ಚರ್ಚಿಸುತ್ತಿದ್ದ ಸಿಗ್ನಲ್ ಗ್ರೂಪಿನಲ್ಲಿ ಒಬ್ಬ ಪತ್ರಿಕಾ ಸಂಪಾದಕರೂ ಇದ್ದರು. ಯಾರೋ ತಪ್ಪಿ ಸೇರಿಸಿದ್ದರು. ನಮ್ಮಲ್ಲಿ ಒಂದೇ ಹೆಸರಿನ ನಾಲ್ಕು ಮಂಜುನಾಥರು ಪ್ರತಿ ಫೋನಿನಲ್ಲೂ ಇರುತ್ತಾರೆ.

ಅದರ ಮುಂದಿನ ಭಾಗ ನಿಮಗೆ ಇನ್ನೂ ಮುಖ್ಯ. ಸರ್ಕಾರಿ ಮಾತುಕತೆಯ ದಾಖಲೆ ಉಳಿಸಬೇಕಲ್ಲವೇ? ಅದಕ್ಕಾಗಿ ಅಮೆರಿಕದ ಅಧಿಕಾರಿಗಳು ಟೆಲಿಮೆಸೇಜ್ ಎಂಬ ಕಂಪನಿ ಮಾರ್ಪಡಿಸಿದ ಸಿಗ್ನಲ್ ಬಳಸುತ್ತಿದ್ದದ್ದು ಬಯಲಾಯಿತು. ಅದು ಪ್ರತಿ ಸಂದೇಶದ ನಕಲನ್ನು ಸಂಗ್ರಹಕ್ಕೆ ಕಳಿಸುತ್ತಿತ್ತು. 2025ರ ಮೇ ತಿಂಗಳಲ್ಲಿ ಆ ಕಂಪನಿಯ ಸರ್ವರ್‌ಗೇ ಹ್ಯಾಕರ್ ನುಗ್ಗಿದರು. ಕಣ್ಮರೆಯಾಗುವ ಸಂದೇಶಗಳನ್ನು ಹಾಕಿಕೊಂಡರೆ ಮಾಹಿತಿ ಹಕ್ಕು ಕಾಯ್ದೆಯಡಿ ಕೊಡಬೇಕಾದ ದಾಖಲೆಯೇ ಅಳಿಸಿಹೋಗುತ್ತದೆ. ಹಾಕದಿದ್ದರೆ ಸೂಕ್ಷ್ಮ ಮಾಹಿತಿ ಶಾಶ್ವತವಾಗಿ ಎಲ್ಲರ ಫೋನಿನಲ್ಲಿರುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ದಾರಿ ನಿಮ್ಮಲ್ಲೇ ಇದೆ. ಆದೇಶ, ಪಟ್ಟಿ, ವರದಿ ಇ-ಆಫೀಸ್‌ನಲ್ಲೋ ಇಲಾಖೆಯ ಪೋರ್ಟಲ್‌ನಲ್ಲೋ ಇರಲಿ. ಗ್ರೂಪಿನಲ್ಲಿ ‘ಕಡತ ಸಂಖ್ಯೆ ಇಷ್ಟು, ಸಂಜೆಯೊಳಗೆ ನೋಡಿ’ ಎಂಬ ಒಂದು ಸಾಲು ಸಾಕು.

ಗೃಹ ಇಲಾಖೆಯವರು ಇಲ್ಲಿ ಒಂದು ಪ್ರಶ್ನೆ ಎತ್ತಬಹುದು: ಬೀಗ ಇಷ್ಟು ಗಟ್ಟಿಯಾಗಿದ್ದರೆ ವದಂತಿ ಹಬ್ಬಿಸಿದವರನ್ನು ಹಿಡಿಯುವುದು ಹೇಗೆ? 2021ರ ಐಟಿ ನಿಯಮಗಳ 4(2) ಸಂದೇಶದ ಮೂಲ ಕರ್ತೃವನ್ನು ಗುರುತಿಸಿಕೊಡಿ ಎನ್ನುತ್ತದೆ. ವಾಟ್ಸಾಪ್ ಅದನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದೆ. ನಮ್ಮ ರಾಜ್ಯದ್ದೇ ಉದಾಹರಣೆ ನೋಡಿ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದಾಗ, ಪೊಲೀಸರು ಗ್ರೂಪಿನ ಅಡ್ಮಿನ್ ಸೇರಿ ಹಲವರನ್ನು ಬಂಧಿಸಿದರು. ಅಂಥ ಯಾವ ನಿಯಮವೂ ಆಗ ಇರಲಿಲ್ಲ. ಗ್ರೂಪಿನಲ್ಲಿ ಹರಡಿದ ಮಾತು ಪ್ರತಿ ಸದಸ್ಯರ ಫೋನಿನಲ್ಲೂ ಇರುತ್ತದೆ. ನಿಮ್ಮ ಮಾಹಿತಿ ಸೋರುವ ತುದಿಗಳೇ ತನಿಖೆಗೂ ಒದಗುತ್ತವೆ. ಆ ತುದಿಯನ್ನು, ಅಂದರೆ ಫೋನನ್ನು, ತೆರೆಸುವ ಕ್ರಮ ಹೇಗಿರಬೇಕೆಂದು ಕರ್ನಾಟಕ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ವಿವರವಾಗಿ ಹೇಳಿದೆ.

ಇನ್ನು ನಾವು ಕೇಳುತ್ತಿರುವ ಸುತ್ತೋಲೆಯಲ್ಲಿ ಏನಿರಬೇಕು?

ಆಧಾರ್ ಪ್ರತಿ, ಆರೋಗ್ಯದ ವಿವರ, ಮಕ್ಕಳ ಹಾಗೂ ಸಂತ್ರಸ್ತೆಯರ ಗುರುತು ಯಾವ ಗ್ರೂಪಿಗೂ ಬೀಳಬಾರದು. ಅತ್ಯಾಚಾರ ಸಂತ್ರಸ್ತೆಯ ಗುರುತು ಬಹಿರಂಗಪಡಿಸುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂನಡಿ ಎರಡು ವರ್ಷದವರೆಗೆ ಜೈಲಿದೆ. ಆಧಾರ್ ಅನಿವಾರ್ಯವಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ಕೇಳಲಿ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಇದೇ ಬುದ್ಧಿಮಾತು ಹೇಳಿತ್ತು. ತಪ್ಪು ಅರ್ಥಕ್ಕೆ ಎಡೆಯಾಗುತ್ತದೆಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂಪಡೆಯಿತು. ಸಲಹೆಯಲ್ಲಿ ತಪ್ಪೇನೂ ಇರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಡಿ ಸುರಕ್ಷತಾ ಲೋಪಕ್ಕೆ ದಂಡ 250 ಕೋಟಿ ರೂಪಾಯಿವರೆಗೆ ಹೋಗಬಹುದು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ.

ಗ್ರೂಪುಗಳಿಗೆ ಸದಸ್ಯರನ್ನು ಸೇರಿಸುವ ಅಧಿಕಾರ ಅಡ್ಮಿನ್‌ಗಳಿಗೆ ಮಾತ್ರ ಇರಲಿ. ಇನ್ವೈಟ್ ಲಿಂಕ್ ರದ್ದಾಗಲಿ. ‘ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ’ ಆನ್ ಆಗಲಿ. ಇದು ಚಾಟ್ ಎಕ್ಸ್‌ಪೋರ್ಟನ್ನೂ ಫೋಟೊ ತಾನಾಗಿ ಇಳಿಯುವುದನ್ನೂ ತಡೆಯುತ್ತದೆ, ಸ್ಕ್ರೀನ್‌ಶಾಟನ್ನು ತಡೆಯುವುದಿಲ್ಲ. ಡಿಸಿ, ಎಸ್‌ಪಿ, ಸಿಇಒ ಮಟ್ಟದ ಸಣ್ಣ ಗ್ರೂಪುಗಳಲ್ಲಿ ಒಮ್ಮೆ ಎದುರುಬದುರು ಕೂತು ಆಚೆಗಿರುವುದು ಅವರದೇ ಫೋನು ಎಂದು ಖಚಿತಪಡಿಸುವ 60 ಅಂಕಿಯ ಭದ್ರತಾ ಕೋಡನ್ನು ಪರಸ್ಪರ ಕ್ಯೂಆರ್ ಮೂಲಕ ತಾಳೆ ನೋಡಿಕೊಳ್ಳಲಿ, ‘ಸೆಕ್ಯುರಿಟಿ ನೋಟಿಫಿಕೇಶನ್ಸ್’ ಹಾಕಿಕೊಳ್ಳಲಿ. ಮುಂದೆ ಯಾರದಾದರೂ ಕೋಡ್ ಬದಲಾಗಿದೆ ಎಂದು ಬಂದರೆ, ಹೊಸ ಫೋನ್ ತೆಗೆದುಕೊಂಡಿರಾ ಎಂದು ಸಾಮಾನ್ಯ ಕರೆ ಮಾಡಿ ಕೇಳಿದ ಮೇಲೆಯೇ ಮಾತು ಮುಂದುವರಿಯಲಿ.

ವರ್ಗಾವಣೆಯ ದಿನದ ಬಗ್ಗೆ ಪ್ರತ್ಯೇಕ ಸೂಚನೆ ಬೇಕು. ವಾಟ್ಸಾಪಿನಲ್ಲಿ ಸದಸ್ಯತ್ವ ಮೊಬೈಲ್ ಸಂಖ್ಯೆಗೆ ಅಂಟಿಕೊಂಡಿರುತ್ತದೆ. ಹುದ್ದೆಯ ಸಿಮ್ ಹೊಸಬರ ಕೈಗೆ ಹೋದಾಗ ಗ್ರೂಪುಗಳೂ ಅವರಿಗೆ ಬರುತ್ತವೆ; ಹಳಬರ ಫೋನಿನಲ್ಲಿ ಖಾತೆ ಮುಚ್ಚಿದರೂ ಹಳೆಯ ಫೋಟೊ, ಬ್ಯಾಕಪ್ ಉಳಿದಿರುತ್ತವೆ. ಟೂ-ಸ್ಟೆಪ್ ವೆರಿಫಿಕೇಶನ್‌ನ ಆರಂಕಿ ಪಿನ್ ಹೇಳದೆ ಹೋದರೆ ಹೊಸಬರು ಖಾತೆ ತೆರೆಯಲು ಏಳು ದಿನ ಕಾಯಬೇಕು. ಹಾಗಂತ ಪಿನ್ ಇಡದೆ ಬಿಡುವಂತಿಲ್ಲ, ಒಟಿಪಿ ಕದ್ದವರು ಖಾತೆಯನ್ನೇ ಎತ್ತಿಕೊಂಡು ಹೋಗುತ್ತಾರೆ. ಆದ್ದರಿಂದ ಪ್ರಭಾರ ಹಸ್ತಾಂತರದ ಪತ್ರದಲ್ಲಿ ನಾಲ್ಕು ಸಾಲು ಸೇರಲಿ: ಪಿನ್ ಬದಲಿಸಲಾಗಿದೆ, ಲಿಂಕ್ ಆದ ಸಾಧನಗಳನ್ನು ಕಳಚಲಾಗಿದೆ, ಹಳೆಯ ಫೋನಿನ ಮತ್ತು ಖಾಸಗಿ ಖಾತೆಯ ಪ್ರತಿಗಳನ್ನು ಅಳಿಸಲಾಗಿದೆ, ಕಚೇರಿ ಕಂಪ್ಯೂಟರಿನ ಡೌನ್‌ಲೋಡ್ಸ್ ಖಾಲಿ ಮಾಡಲಾಗಿದೆ.

ಕೊನೆಯದಾಗಿ, ಈ ಸುತ್ತೋಲೆ ಯಾರಿಗೆ ಅನ್ವಯಿಸಬೇಕು ಎಂಬುದು. ಇಂಥ ಆದೇಶಗಳ ಭಾರ ಸಾಮಾನ್ಯವಾಗಿ ಕೆಳಗಿನವರ ಹೆಗಲಿಗೆ ಜಾರುತ್ತದೆ. ಗರ್ಭಿಣಿಯರ ಪಟ್ಟಿಯನ್ನು ಆಶಾ ಕಾರ್ಯಕರ್ತೆ ಗ್ರೂಪಿಗೆ ಹಾಕುವುದು ತನ್ನ ಸ್ವಂತ ಫೋನಿನಿಂದ, ತಾನೇ ರೀಚಾರ್ಜ್ ಮಾಡಿಸಿದ ಡೇಟಾದಿಂದ, ಮೇಲಿನವರು ‘ಐದು ನಿಮಿಷದಲ್ಲಿ ಗ್ರೂಪಿಗೆ ಹಾಕಿ’ ಎಂದಿದ್ದಕ್ಕೆ. ಗಡುವು ಹಾಕಿ ಕೇಳಿದ ಅಧಿಕಾರಿಗೆ ಮೊದಲ ನೋಟಿಸು ಹೋಗುವಂತೆ ಸುತ್ತೋಲೆಯ ವಾಕ್ಯ ರಚಿಸಿ. ಪೋರ್ಟಲ್ ಕೆಲಸ ಮಾಡದ ದಿನ ಆಶಾ ಕಾರ್ಯಕರ್ತೆಯಂಥವರು ಏನು ಮಾಡಬೇಕು, ಪಟ್ಟಿಯನ್ನು ಯಾರ ಕೈಗೆ ಕೊಡಬೇಕು ಎಂಬುದನ್ನೂ ಅದರಲ್ಲೇ ಬರೆಯಿರಿ.

ಇಂತಿ,
ಗೂಢಲಿಪಿ ಮತ್ತು ಮಾಹಿತಿ ಸುರಕ್ಷತೆಯ ಕೆಲಸದಲ್ಲಿರುವ ಕೆಲವರು